ಬೋಳು ಬೆರಳು

“ಚೀಲದಲ್ಲಿರೋದನ್ನೆಲ್ಲ ಹೊರಗೆ ತೆಗಿ,” ಎಂದು ಮಗಳು ಬಾಗಿಲಿಗೆ ಅಡ್ಡ ನಿಂತಾಗ, ಅವಳ ತಾಯಿಯನ್ನು ನೋಡಿಕೊಳ್ಳುವ ಆಯಾ ಮನೆಗೆ ಹೊರಡಲೆಂದು ಆಗಲೇ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದಳು. ಚಪ್ಪಲಿ ಬಿಟ್ಟು ಒಳಗೆ ಬಂದು, ಮುದುಕಿಯ ಹಾಸಿಗೆಯ ತುದಿಯಲ್ಲೇ ಒಂದೊಂದಾಗಿ ತೆಗೆದಿಟ್ಟಳು: ಖಾಲಿ ಬುತ್ತಿ ಡಬ್ಬಿ, ಹಲ್ಲು ಮುರಿದ ಬಾಚಣಿಗೆ, ನೀರಿನ ಬಾಟಲಿ, ಒಂದು ಉಂಡೆ ಕೆಂಪು ದಾರ. ಮಾತು ನಿಂತುಹೋಗಿ ವರ್ಷವಾಗಿದ್ದ ಮುದುಕಿ ಇಬ್ಬರ ಮುಖವನ್ನೂ ಪಿಳಿಪಿಳಿ ನೋಡುತ್ತಿದ್ದಳು.

“ಏನು ಕಳೆದಿದೆ ಅಂತ ಹೇಳಿದ್ರೆ ನಾನೂ ಹುಡುಕ್ತೀನಿ, ಅಕ್ಕ.”

“ನಾಟಕ ಬೇಡ. ಅಮ್ಮನ ಎಡಗೈ ಬೆರಳು ಬೋಳಾಗಿದೆ. ಅಪ್ಪ ಹಾಕಿದ ಉಂಗುರ ಎಲ್ಲಿ? ಈಗಲೇ ಕೊಟ್ರೆ ಸರಿ, ಇಲ್ಲಾಂದ್ರೆ ಪೊಲೀಸರನ್ನ ಕರೀತೀನಿ.”

ಆಯಾ ಹೊದಿಕೆ ಸರಿಸಿ, ಮುದುಕಿಯ ಬಲಗೈಯನ್ನು ಮೆಲ್ಲಗೆ ಎತ್ತಿ ತೋರಿಸಿದಳು. ಉಂಗುರ ಹೆಬ್ಬೆರಳಲ್ಲಿತ್ತು. ಜಾರದಿರಲೆಂದು ಅದರ ಒಳಬದಿಗೆ ಕೆಂಪು ದಾರ ಸುತ್ತಿತ್ತು.

“ಬೆರಳೆಲ್ಲ ಸೊರಗಿ ಕಡ್ಡಿಯಾಗಿವೆ. ಸ್ನಾನ ಮಾಡಿಸೋವಾಗ ಎರಡು ಸಲ ಬಚ್ಚಲಲ್ಲಿ ಬಿತ್ತು. ಅದಕ್ಕೇ ಇಲ್ಲಿ ಹಾಕಿದೆ.”

“ಯಾವಾಗ ಹಾಕಿದ್ದು?” ಮಗಳು ಹಾಸಿಗೆಯ ಹತ್ತಿರ ಬಂದಳು.

“ನಾಲ್ಕು ತಿಂಗಳಾಯ್ತು.”

ಈ ನಾಲ್ಕು ತಿಂಗಳೂ ಬಾಗಿಲಲ್ಲೇ ನಿಂತು ‘ಊಟ ಆಯ್ತಾ ಅಮ್ಮ’ ಎಂದು ಕೇಳಿ ಕೆಲಸಕ್ಕೆ ಓಡುತ್ತಿದ್ದ ಮಗಳು, ತಾಯಿಯ ಕೈ ಹಿಡಿಯಲು ಹೋಗಿ ನಡುವೆಯೇ ನಿಂತಳು.

ಆಯಾ ಚೀಲವನ್ನು ಅವಳತ್ತ ಸರಿಸಿದಳು. “ಈ ಪಕ್ಕದ ಜೇಬೊಂದು ಬಾಕಿ ಇದೆ, ಅಕ್ಕ. ಅದನ್ನೂ ನೋಡಿಬಿಡಿ.”