ಮೂರನೆಯ ಎಳೆ

“ಎಳೆ ಮೂರಿದೆ, ಹೆಸ್ಟರ್. ನೀವೇ ಒಮ್ಮೆ ನೋಡಿಬಿಡಿ,” ಎಂದು ಬ್ರಯೊನಿ ಅಡುಗೆಮನೆಯ ಮೇಜಿನ ಮೇಲಿದ್ದ ಸೂಕ್ಷ್ಮದರ್ಶಕವನ್ನು ಮುದುಕಿಯ ಕಡೆಗೆ ಸರಿಸಿದಳು.

ಹೆಸ್ಟರ್ ನೋಡಲಿಲ್ಲ, ಟೀ ಹೀರುತ್ತಾ ಕೂತಳು. ಎಪ್ಪತ್ತೆಂಟರ ಆಯುಷ್ಯದಲ್ಲಿ ನಲವತ್ತು ವರ್ಷವನ್ನು ಅವಳು ಕಡಲ ನೀರಿನ ಹನಿ ನೋಡುವುದರಲ್ಲೇ ಸವೆಸಿದ್ದಳು. ಬರಿಗಣ್ಣಿಗೆ ಕಾಣದ, ಒಂದೇ ಕೋಶದ ಪಾಚಿಗೆ ಬಾಲದಂಥ ಎಳೆ ಎಷ್ಟು, ಅದು ಯಾವ ಕುಲಕ್ಕೆ ಸೇರಿದ್ದು ಎಂದು ವಿಂಗಡಿಸುವುದೇ ಅವಳ ಕಸುಬು. ಹ್ಯುವಾನ್ ನದಿ ಕಡಲು ಸೇರುವಲ್ಲಿ ಸಿಕ್ಕಿದ ಒಂದೇ ಒಂದು ಪಾಚಿಗೆ ತಾನೇ ಹೆಸರಿಟ್ಟಿದ್ದಳು. ಅದು ಗಂಡ ಲಾಕ್ಲನ್‌ನ ಹೆಸರು. ಎರಡು ಎಳೆ ಎಂದು ಚಿತ್ರ ಬರೆದು ಅಚ್ಚು ಹಾಕಿಸಿದ್ದಳು. ಅವನು ತೀರಿಕೊಂಡು ಈಗ ಆರು ವರ್ಷ.

“ಮೂರಿದ್ದರೆ ಏನಾಗುತ್ತೆ, ಅದನ್ನು ಹೇಳು,” ಎಂದಳು.

“ಬೇರೆ ಕುಲಕ್ಕೆ ಹೋಗುತ್ತೆ. ಅಲ್ಲಿ ಇದೇ ಪಾಚಿಗೆ ಡೆನ್ಮಾರ್ಕಿನವರೊಬ್ಬರು ನಿಮಗಿಂತ ಹನ್ನೊಂದು ವರ್ಷ ಮುಂಚೆ ಹೆಸರಿಟ್ಟಿದ್ದಾರೆ. ಮೊದಲು ಇಟ್ಟ ಹೆಸರೇ ನಿಲ್ಲಬೇಕಲ್ಲ, ಅದಕ್ಕೆ...”

“ನಮ್ಮವನದು ಹೋಗುತ್ತೆ. ಅಷ್ಟು ಹೇಳೋಕೆ ಯಾಕಿಷ್ಟು ಒದ್ದಾಡ್ತೀಯ, ಮಾರಾಯ್ತಿ?”

ಬ್ರಯೊನಿ ತಲೆ ತಗ್ಗಿಸಿದಳು. ಹೆಸ್ಟರಳ ಕೈಕೆಳಗೇ ಕೆಲಸ ಕಲಿತವಳು ಅವಳು. “ನಿಮಗೆ ತೋರಿಸದೆ ಲೇಖನ ಕಳಿಸೋಕೆ ಮನಸ್ಸು ಬರಲಿಲ್ಲ. ಬೆಳಿಗ್ಗೆ ತಂದ ನೀರು ಇದು. ಅಯೋಡಿನ್ ಹಾಕಿಲ್ಲ, ಎಲ್ಲ ಜೀವಂತ ಇವೆ.”

ಅಯೋಡಿನ್ ಎಂದದ್ದೇ ಹೆಸ್ಟರ್ ಕಪ್ಪು ಕೆಳಗಿಟ್ಟಳು. ಆಗೆಲ್ಲ ದೋಣಿಯಲ್ಲಿ ಹೋಗಿ ನೀರು ತರುತ್ತಿದ್ದವನು ಲಾಕ್ಲನ್. ಒಂದು ಸೀಸೆಯನ್ನಾದರೂ ಅಯೋಡಿನ್ ಹಾಕದೆ ಹಾಗೇ ತಾ ಎಂದು ಅವಳು ಹೇಳಿದ್ದುಂಟು. ಹೆಂಡತಿಯ ನೀರು ದಾರಿಯಲ್ಲಿ ಕೆಟ್ಟುಹೋದೀತೆಂಬ ಭಯ ಅವನಿಗೆ. ದೋಣಿಯಲ್ಲೇ ಪ್ರತಿ ಸೀಸೆಗೂ ಅಯೋಡಿನ್ ಹನಿಸಿ, ಮುಚ್ಚಳ ಬಿಗಿದು, ತನ್ನ ಸ್ವೆಟರಿನಲ್ಲಿ ಸುತ್ತಿ ತಂದಿದ್ದ. ಅಯೋಡಿನ್ ಬಿದ್ದರೆ ಇಂಥ ಮೆತ್ತನೆಯ ಪಾಚಿ ಸತ್ತು, ಉಬ್ಬಿ ಗುಂಡಗಾಗುತ್ತದೆ, ಎಳೆಗಳೂ ಉದುರಿಹೋಗಬಹುದು. ಅದು ಅವಳಿಗೆ ಗೊತ್ತಿತ್ತು. ಆದರೆ ಅಷ್ಟು ಜತನದಿಂದ ತಂದವನಿಗೆ ಇನ್ನೊಮ್ಮೆ ಹೋಗಿ ಬಾ ಎನ್ನಲು ಅವತ್ತು ಬಾಯಿ ಬಂದಿರಲಿಲ್ಲ.

ಕನ್ನಡಕ ತೆಗೆದಿಟ್ಟು ಬಗ್ಗಿದಳು. ಹೊಂಬಣ್ಣದ ಕಾಳೊಂದು ಸರ್ರನೆ ಬಂದು ನಿಂತಿತು. ಉದ್ದನೆಯ ಎಳೆ ಎರಡು. ಅವುಗಳ ನಡುವಿನಿಂದ ಗಿಡ್ಡದೊಂದು ಮೆಲ್ಲಗೆ ಚಾಚಿ, ಮತ್ತೆ ಸುರುಳಿ ಸುತ್ತಿಕೊಂಡಿತು. ಹೆಸ್ಟರಳಿಗೆ ಕಣ್ಣು ಕೀಳಲಾಗಲಿಲ್ಲ.

“ಮೂರೇ,” ಎಂದಳು. “ಎಷ್ಟು ಚೆನ್ನಾಗಿ ಈಜುತ್ತೆ ನೋಡು. ನಮ್ಮ ಲಾಕ್ಲನ್ ಜೀವಮಾನವೆಲ್ಲ ದೋಣಿಯಲ್ಲೇ ಕಳೆದ, ಈಜು ಮಾತ್ರ ಕಲೀಲಿಲ್ಲ. ಅವನ ಹೆಸರು ಇದಕ್ಕೆ ಹೊಂದಲ್ಲ ಅಂತ ನನಗೆ ಆಗಲೇ ಹೊಳೀಬೇಕಿತ್ತು.”

ಬ್ರಯೊನಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಆಮೇಲೆ ಪೆನ್ನು ತೆಗೆದಳು. “ಮೊದಲ ಚಿತ್ರ ಯಾಕೆ ತಪ್ಪಾಯಿತು ಅಂತ ಒಂದು ಸಾಲು ಬೇಕು. ನೀರು ತಂದವರು ದೋಣಿಯಲ್ಲೇ ಅಯೋಡಿನ್ ಹಾಕಿದ್ದರಿಂದ ಅಂತ ಬರೀಲಾ? ಹಳೆಯ ಸೀಸೆಗಳ ಚೀಟಿಯಲ್ಲಿ ಹಾಗೇ ಇದೆ.”

“ಬೇಡ,” ಎಂದಳು ಹೆಸ್ಟರ್, ಸೂಕ್ಷ್ಮದರ್ಶಕದಿಂದ ತಲೆಯೆತ್ತದೆ. “ಹೆಸ್ಟರ್ ಸರಿಯಾಗಿ ನೋಡಲಿಲ್ಲ ಅಂತ ಬರಿ.”