ಎಮ್ಮೆಗೆ ನಾಲ್ಕು ಹೆಸರು

ಇಂಗ್ಲಿಷಿನಲ್ಲಿ ಒಂದೇ ಪದವನ್ನು ಎರಡು ಸಲ ಬರೆದ ಹುಡುಗರ ಕಿವಿ ಹಿಂಡಿ ಹಿಂಡಿಯೇ ರಿಟೈರಾದವರು ಮರಿದೇವಯ್ಯ ಮೇಷ್ಟ್ರು. ಎಮ್ಮೆ ತಪ್ಪಿಸಿಕೊಂಡಾಗ ಪೊಲೀಸ್ ದೂರನ್ನೂ ಇಂಗ್ಲಿಷಿನಲ್ಲಿ ಅದೇ ಶಿಸ್ತಿನಿಂದ ಬರೆದರು. ಮೊದಲ ಸಾಲಿನಲ್ಲಿ 'ಬಫೆಲೋ', ಎರಡರಲ್ಲಿ 'ಅನಿಮಲ್', ಮೂರರಲ್ಲಿ 'ಬೀಸ್ಟ್', ಕೊನೆಗೆ ಪದ ಸಾಲದೆ 'ಮೈ ಡಿಯರ್ ಕಂಪ್ಯಾನಿಯನ್'.

ಮೂರನೇ ದಿನ ಮನೆ ಮುಂದೆ ಜೀಪು ನಿಂತಿತು. ಅದರ ಹಿಂದೆ ಒಂದು ಎಮ್ಮೆ, ಒಂದು ಕತ್ತೆ.

"ಬಫೆಲೋ ಸಿಕ್ತು ಸಾರ್," ಎಂದ ಪೇದೆ. "ಅನಿಮಲ್ಲೂ ಬೇಕು ಅಂದಿದ್ರಲ್ಲ, ಕತ್ತೆ ತಂದಿದೀವಿ."

"ಅಯ್ಯೋ, ಎಲ್ಲಾ ಒಂದೇ ಕಣಯ್ಯ!"

"ಒಂದೇ ಆಗಿದ್ರೆ ಒಂದೇ ಹೆಸ್ರು ಬರೀತಿರ್ಲಿಲ್ವಾ ಸಾರ್? ಕಂಪ್ಯಾನಿಯನ್ನೂ ಕರ್ಕೊಂಡ್ ಬಂದಿದೀವಿ."

ಎರಡು ವರ್ಷದ ಹಿಂದೆ ಮುನಿಸಿಕೊಂಡು ತವರಿಗೆ ಹೋಗಿದ್ದ ಹೆಂಡತಿ ಟ್ರಂಕು ಹಿಡಿದು ಜೀಪಿನಿಂದ ಇಳಿದರು. "ಡಿಯರ್ ಅಂತ ಬರ್ದಿದ್ರಂತೆ?" ಎಂದರು. ನಿಜ ಹೇಳಲು ತೆರೆದ ಬಾಯನ್ನು ಮೇಷ್ಟ್ರು ಹಾಗೇ ಮುಚ್ಚಿಕೊಂಡರು.

"ಬೀಸ್ಟ್ ಒಂದು ಬಾಕಿ ಸಾರ್. ಮೃಗ ಅಂತೆ, ಅದನ್ನ ಎಲ್ಲಿ ಅಂತ ಹುಡುಕೋದು?"

ಹೆಂಡತಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹುಡುಕ್ಬೇಡಿ ಸ್ವಾಮಿ. ಇಲ್ಲೇ ನಿಂತಿದೆ."