ಗಿರಾಕಿಗೆ ಇಲ್ಲ ಅನ್ನಬಾರದು

ಅರ್ಧ ಗಂಟೆಯಾಯಿತು. ಆ ಹೆಂಗಸು ಇನ್ನೂ ಒಂದು ಚಪ್ಪಲಿಯನ್ನೂ ಕಾಲಿಗೆ ಹಾಕಿ ನೋಡಿರಲಿಲ್ಲ. ಬರೀ ಪ್ರಶ್ನೆ ಕೇಳುತ್ತಿದ್ದಳು.

ಪಕ್ಕದ ಬಳೆ ಅಂಗಡಿಯಲ್ಲಿ ಕೂತ ಕುಲಸುಂಬಿಗೆ ಅನುಮಾನ ಖಾತ್ರಿಯಾಯಿತು. ಇವಳು ಗಿರಾಕಿಯಲ್ಲ, ತಪಾಸಣೆಗೆ ಬಂದವಳು. ಈಗಿನ ಅಧಿಕಾರಿಗಳು ಜೀಪಿನಲ್ಲಿ ಬರುವುದಿಲ್ಲವಂತೆ. ಹಣೆಯ ಮೇಲೆ ಮಂಗಸೂಳಿ ದೇವರ ಅರಿಸಿನ ಭಂಡಾರ, ಕೈತುಂಬ ಹಸಿರು ಬಳೆ, ಬಗಲಲ್ಲಿ ಬಟ್ಟೆ ಚೀಲ, ಎಲ್ಲ ವೇಷ. ಸಿಕ್ಕಿಬೀಳಲಿ ಈ ಚಪ್ಪಲಿ ಅಂಗಡಿಯ ಸಮಾಧಾನ, ಎಂದುಕೊಂಡಳು.

ನಿಪ್ಪಾಣಿ ಪೇಟೆಯ ಆ ಎರಡು ಅಂಗಡಿಗಳ ನಡುವೆ ಇದ್ದದ್ದು ಒಂದು ತಗಡಿನ ಗೋಡೆ, ಅದೂ ಎದೆಮಟ್ಟದ್ದು. ಚಪ್ಪಲಿ ಮಾರುವ ಸಮಾಧಾನನ ಮಾತೆಲ್ಲ ಕುಲಸುಂಬಿಯ ಕಿವಿಗೆ ಬೀಳಲೇಬೇಕು. ಒಂದು ತಿಂಗಳಿಂದ ಅದನ್ನು ಕೇಳಿ ಕೇಳಿ ಅವಳಿಗೆ ಹೇಸಿಗೆ ಹುಟ್ಟಿತ್ತು.

ಎಲ್ಲ ಶುರುವಾದದ್ದು ಚಿಕ್ಕೋಡಿಯ ಶಿಬಿರದಿಂದ. ಸಣ್ಣ ವ್ಯಾಪಾರಿಗಳಿಗೆ ಮಾರಾಟದ ಪಾಠವಂತೆ. ಒಬ್ಬರ ಶುಲ್ಕಕ್ಕೆ ಇಬ್ಬರು ಎಂದು ಸಮಾಧಾನ ಅವಳನ್ನೂ ಕರೆದೊಯ್ದಿದ್ದ. ಟೈ ಕಟ್ಟಿದ ಗುರು ವೇದಿಕೆಯ ಮೇಲೆ ಅತ್ತಿಂದಿತ್ತ ಓಡಾಡುತ್ತ ಹೇಳಿದ: "ಸರಕು ಮಾರಬೇಡಿ, ಕಥೆ ಮಾರಿ. ಗಿರಾಕಿಯ ಕಣ್ಣು ಒದ್ದೆಯಾದರೆ ಅವನ ಪಾಕೀಟು ತಾನಾಗಿ ಬಿಚ್ಚುತ್ತದೆ." ಸಭೆ ಚಪ್ಪಾಳೆ ತಟ್ಟಿತು. ಕುಲಸುಂಬಿ ಮಧ್ಯಾಹ್ನಕ್ಕೇ ಎದ್ದು ಬಂದಳು. ಸಮಾಧಾನ ಕಡೆಯವರೆಗೂ ಕೂತು ಎಲ್ಲ ಬರೆದುಕೊಂಡ. ಆಮೇಲೆ ದಿನಾ ಒಂದೊಂದು ಪಾಠವನ್ನು ಗೋಡೆಯ ಮೇಲಿಂದ ಅವಳಿಗೆ ಒಪ್ಪಿಸಿದ.

ಅದೇ ವಾರ ಅವನು ಗುಜರಿಯಿಂದ ಒಂದು ಫೋಟೊ ತಂದ. ಕಾಗವಾಡದ ಕಡೆ ಯಾವುದೋ ಸ್ಟುಡಿಯೊ ಮುಚ್ಚಿದಾಗ ಮೂಟೆಯಲ್ಲಿ ಬಂದದ್ದು. ಯಾರೋ ಐವತ್ತರ ಆಸುಪಾಸಿನ ಗಂಡಸು, ದಪ್ಪ ಮೀಸೆ. ಫ್ರೇಮು ಹಾಕಿಸಿದ, ಗಂಧದ ಹಾರ ತೊಡಿಸಿದ, ಮೇಲೆ ಬೋರ್ಡು ಬರೆಸಿದ: 'ನಾಲ್ಕು ತಲೆಮಾರಿನ ಕೈಚಳಕ. ತೀರಿಹೋದ ಕಾಕಾನ ಕೊನೆಯ ಜೋಡುಗಳು.' ವಿಡಿಯೊ ಮಾಡಿ ಮೊಬೈಲಿನಲ್ಲಿ ಹರಿಯಬಿಟ್ಟ. ಆ ಕೊನೆಯ ಜೋಡುಗಳು ತಿಂಗಳಾದರೂ ಮುಗಿದಿಲ್ಲ. ಸೋಮವಾರಕ್ಕೊಮ್ಮೆ ಹೊಸ ಮೂಟೆ ಬಂದಿಳಿಯುತ್ತದೆ.

ಥೂ ಎನ್ನಬೇಕು ಅನಿಸುತ್ತದೆ ಕುಲಸುಂಬಿಗೆ. ಅನ್ನುವುದಿಲ್ಲ. ಕಾಕಾನಿಗೆ ಕೈಮುಗಿದ ಹೆಂಗಸರು ಹಾಗೇ ಇತ್ತ ಹೊರಳಿ ಬಳೆ ತೊಡುತ್ತಾರೆ. ನೊಣ ಹೊಡೆಯುತ್ತ ಕೂತಿದ್ದ ಅವಳ ಅಂಗಡಿ ಈಗ ನಡೆಯುತ್ತಿರುವುದು ಇದರಿಂದಲೇ. ಬಾಯಿ ಬಿಟ್ಟರೆ ಬಾಗಿಲು ಹಾಕಬೇಕು. ಹಾಗಾಗಿ ಉಗುಳು ನುಂಗಿಕೊಂಡು ಕೂರುತ್ತಾಳೆ.

"ಮೊಬೈಲಿನ್ಯಾಗ ನೋಡಿ ಬಂದೇನ್ರಿ," ಎಂದಳು ಹೆಂಗಸು. "ಎರಡ ಬಸ್ ಬದಲಿಸಿ."

ಸಮಾಧಾನನ ಮುಖ ಅರಳಿತು.

"ಇವರ ಹೆಸರೇನ್ರಿ?"

"ಹೆಸರ ಹೇಳತಿರಲಿಲ್ರಿ. ನಾವೆಲ್ಲಾ ಕಾಕಾ ಅಂತಿದ್ವಿ."

"ಎಡಗಾಲ ಎಳದ ನಡೀತಿದ್ರೇನು?"

ಗಿರಾಕಿಗೆ ಇಲ್ಲ ಅನ್ನಬಾರದು. ಅದು ಚಿಕ್ಕೋಡಿಯ ಪಾಠ.

"ಹೌದ್ರಿ! ಅದಕ್ಕ ನೋಡ್ರಿ, ಮಂದಿ ಕಾಲಿನ ಚಿಂತಿ ಅವರಿಗೆ ಭಾಳ ಇತ್ತು."

"ಇಲ್ಲಿ ಬಂದು ಏಳ ವರ್ಷ ಆಗಿತ್ತೇನು?"

"ಬರೋಬರಿ ಏಳ."

"ಚಪ್ಪಲಿ ಹೊಲಿಯೂದು ಇಲ್ಲೇ ಬಂದ ಕಲತ್ರೇನು?"

"ಇಲ್ಲೇ ಕಲತ್ರರಿ. ನನ್ನ ಕಣ್ಣ ಮುಂದ."

ಕುಲಸುಂಬಿ ತುಟಿ ಕಚ್ಚಿ ನಗು ತಡೆದಳು. ತಲೆಯ ಮೇಲೆ ನಾಲ್ಕು ತಲೆಮಾರು ಎಂಬ ಬೋರ್ಡು, ಬಾಯಲ್ಲಿ ಇಲ್ಲೇ ಕಲಿತರು! ಸಿಕ್ಕಿಬಿದ್ದ ಮಗ. ಈಗ ಚೀಲದಿಂದ ಕಾಗದ ಹೊರಬರುತ್ತದೆ, ಈಗ ಹೆಸರು ಬರೆದುಕೊಳ್ಳುತ್ತಾಳೆ.

ಆಕೆ ಕಾಗದ ತೆಗೆಯಲಿಲ್ಲ. ಹಾರವನ್ನು ಬೆರಳಿನಿಂದ ಸರಿಸಿ ಫೋಟೊ ನೋಡಿದಳು.

"ಕಡೀಕ ಏನರ ಅಂದ್ರೇನು?"

ಸಮಾಧಾನ ಒಣಗಿದ ಕಣ್ಣು ಒರೆಸಿಕೊಂಡ. "ನನ್ನ ಜೋಡ ಹಾಕ್ಕೊಂಡವರ ಕೂಡ ನಾನೂ ನಡೀತೇನಿ, ಅಂದ್ರು. ಈ ನನ್ನ ತೊಡಿ ಮ್ಯಾಲೇ ಜೀವ ಬಿಟ್ರು."

ಇಷ್ಟು ಹೊಲಸು ಮಾತು ಅವನೂ ಇದುವರೆಗೆ ಆಡಿರಲಿಲ್ಲ.

ಹೆಂಗಸು ತಗಡಿನ ಗೋಡೆಯತ್ತ ತಿರುಗಿದಳು. "ಅಕ್ಕಾ, ನೀವು ಬಾಜೂಕ ಇರತೀರಿ. ನೀವೂ ಇವರನ್ನ ನೋಡೀರೇನು?"

ಅವಳ ಬೆನ್ನ ಹಿಂದಿನಿಂದ ಸಮಾಧಾನ ಕಣ್ಣರಳಿಸಿ ಸನ್ನೆ ಮಾಡಿದ. ನೆರೆಯವರ ಒಂದು ಮಾತು ಹತ್ತು ಜಾಹೀರಾತಿಗೆ ಸಮ. ಆ ಪಾಠವನ್ನೂ ಅವನು ಒಪ್ಪಿಸಿದ್ದ.

ಇಲ್ಲ ಎನ್ನಲು ಕುಲಸುಂಬಿ ಬಾಯಿ ತೆರೆದಳು. ಎದುರಿಗೆ ಬಳೆಯ ಪೆಟ್ಟಿಗೆಗಳಿದ್ದವು. ಅಧಿಕಾರಿಯಾದರೆ ಹೇಗೂ ಕಂಡುಹಿಡಿಯುತ್ತಾಳೆ. ನಾನೇಕೆ ಕೆಟ್ಟವಳಾಗಲಿ?

"ನೋಡೇನ್ರಿ," ಎಂದಳು. "ಭಾಳ ಚೊಲೊ ಮನಷ್ಯಾ ಇದ್ರು."

ತನ್ನ ದನಿ ಥೇಟು ಸಮಾಧಾನನ ದನಿಯಂತೆ ಕೇಳಿಸಿತು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಹೆಂಗಸು ತಲೆಯಾಡಿಸಿದಳು. ಗಂಡಸರ ಒಂದು ಜೋಡು ಎತ್ತಿಕೊಂಡಳು, ಚೌಕಾಸಿ ಮಾಡದೆ ಹಣ ಕೊಟ್ಟಳು, ಜೋಡನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಸಮಾಧಾನ ಕುಲಸುಂಬಿಯತ್ತ ಹುಬ್ಬು ಹಾರಿಸಿದ. ಇನ್ನು ನಿನ್ನ ಪಾಳಿ ಎಂಬಂತೆ.

ಹಾಗೇ ಆಯಿತು. ಆಕೆ ಬಳೆ ಅಂಗಡಿಗೆ ಬಂದು, ಕುಲಸುಂಬಿಯ ಮುಂದೆ ಕೂತು, ಎರಡೂ ಕೈ ಚಾಚಿದಳು. ಅಧಿಕಾರಿಯಲ್ಲ, ಬರೀ ಗಿರಾಕಿ! ಕುಲಸುಂಬಿಗೆ ಹೋದ ಉಸಿರು ಬಂತು. ಹಸಿರು ಬಳೆಯ ಹೊಸ ಪೆಟ್ಟಿಗೆ ತೆರೆದು, ಅಳತೆ ನೋಡಲು ಆ ಕೈ ಹಿಡಿದಳು. ಕೈ ತಣ್ಣಗಿತ್ತು.

"ಹಾಕಬ್ಯಾಡ್ರಿ ಅಕ್ಕಾ, ಕೈಯಾಗ ಇದ್ದವನ್ನ ತಗೀರಿ," ಎಂದಳು ಆಕೆ. "ಏಳ ವರ್ಷ ಇವತ್ತ ಬರತಾರ, ನಾಳೆ ಬರತಾರಂತ ಹಾಕ್ಕೊಂಡ ಕುಂತಿದ್ದೆ, ನೀವೂ ನೋಡೇನಿ ಅಂದಮ್ಯಾಲ ಇನ್ನ ಯಾರಿಗಂತ ಇಟಗೊಳ್ಳಲಿ?"